ಅನ್ನಪಾನ ನಿರೋಧವೂ ಹಿಂಸೆಯೇ

'ಸಿಬ್ಬಂದಿ ಪುನರ್ರಚನೆ' ಎಂಬ ಮಾತು ಈಗ ನಮ್ಮ ಸಮಾಜದ ಆಡಳಿತ ಮಂಡಳಿಗಳ ಕಾರ್ಯಸೂಚಿಯಲ್ಲಿಯೂ ಕಾಣಿಸಿಕೊಳ್ಳತೊಡಗಿದೆ. ಗಿರಣಿ, ಕಾರ್ಖಾನೆ, ಸಾರಿಗೆ, ಸಗಟು ವ್ಯಾಪಾರಗಳನ್ನು ನಡೆಸುವ ಶ್ರಾವಕ ಮನೆತನಗಳಲ್ಲಿ ಮೊದಲು ಕೇಳಿಬಂದ ಈ ಮಾತು ಇಂದು ಶಾಲೆ, ವಿದ್ಯಾರ್ಥಿನಿಲಯ, ಔಷಧಾಲಯ, ಯಾತ್ರಿನಿವಾಸಗಳನ್ನು ನೋಡಿಕೊಳ್ಳುವ ಧರ್ಮಸಂಸ್ಥೆಗಳ ಹೊಸ್ತಿಲನ್ನೂ ದಾಟಿದೆ. ಮಾತು ಕೇಳಲು ಗಂಭೀರವಾದುದು. ಏನನ್ನೋ ಹೊಸದಾಗಿ ಕಟ್ಟುತ್ತಿದ್ದೇವೆ ಎಂಬ ಭಾವವನ್ನು ಹುಟ್ಟಿಸುವಂಥದು. ಆದರೆ ಸಭೆ ಮುಗಿದು ಠರಾವು ಪುಸ್ತಕಕ್ಕೆ ಸಹಿ ಬಿದ್ದ ಮೇಲೆ ನೋಡಿದರೆ ಅಲ್ಲಿ ಉಳಿದಿರುವುದು ಕೆಲಸ ಕಳೆದುಕೊಳ್ಳುವವರ ಹೆಸರಿನ ಪಟ್ಟಿ ಮಾತ್ರ.

ಅಂಥದೊಂದು ಠರಾವಿಗೆ ನಾನೂ ಕೈ ಎತ್ತಿದ್ದೇನೆ. ಆದುದರಿಂದ ಈ ಲೇಖನವನ್ನು ಪರನಿಂದೆಯೆಂದು ಯಾರೂ ಭಾವಿಸಬಾರದಾಗಿ ಮೊದಲೇ ವಿನಂತಿಸುತ್ತೇನೆ. ಇದು ಮೊದಲು ಆತ್ಮನಿಂದೆ, ಆಮೇಲೆ ವಾದ.

ನಾನು ಸದಸ್ಯನಾಗಿರುವ ಒಂದು ಸಂಸ್ಥೆಯ ಆಡಳಿತ ಮಂಡಳಿಯ ಸಭೆ. ಖರ್ಚು ಹೆಚ್ಚಿದೆ, ವರಮಾನ ಸಾಲದು ಎಂಬ ಲೆಕ್ಕವನ್ನು ಮುಂದಿಡಲಾಯಿತು. ಹನ್ನೊಂದು ಜನ ಹಳೆಯ ನೌಕರರಿಂದ ರಾಜೀನಾಮೆ ಪಡೆದು, ಬೇಕಾದವರನ್ನು ಗುತ್ತಿಗೆದಾರನ ಮೂಲಕ ಕಡಿಮೆ ಸಂಬಳಕ್ಕೆ ಮತ್ತೆ ತೆಗೆದುಕೊಳ್ಳುವುದೆಂದು ಸೂಚನೆ ಬಂದಿತು. ಪಟ್ಟಿಯಲ್ಲಿ ಇಬ್ಬರು ಗುಮಾಸ್ತರು, ಕಾವಲುಗಾರರು, ಕಸ ಗುಡಿಸುವ ಹೆಂಗಸರು, ಅಡುಗೆಯವರು. ಚರ್ಚೆ ಹತ್ತು ನಿಮಿಷವೂ ನಡೆಯಲಿಲ್ಲ. ಸೂರ್ಯಾಸ್ತಕ್ಕೆ ಮೊದಲು ಊಟ ಮುಗಿಯಬೇಕಾಗಿತ್ತು. ರಾತ್ರಿಭೋಜನ ತ್ಯಾಗದ ವ್ರತಿಗಳು ಸಭೆಯಲ್ಲಿದ್ದರು. ಅವಸರದಿಂದ ಎದ್ದು ಪಂಕ್ತಿಯಲ್ಲಿ ಕುಳಿತೆವು. ಬಡಿಸಲು ಬಂದವನ ಹೆಸರು ಪಟ್ಟಿಯಲ್ಲಿ ಆರನೆಯದು. ಇಪ್ಪತ್ತೆರಡು ವರ್ಷಗಳಿಂದ ಅದೇ ಅಡುಗೆಮನೆಯಲ್ಲಿ ಇದ್ದವನು. ಯಾರು ಯಾವ ತಿಥಿಗೆ ಹಸಿರು ತರಕಾರಿ ಬಿಡುತ್ತಾರೆ, ಯಾರಿಗೆ ಉಪ್ಪು ತ್ಯಾಗವಿದೆ ಎಂಬುದು ನಮಗಿಂತ ಚೆನ್ನಾಗಿ ಅವನಿಗೆ ತಿಳಿದಿತ್ತು. "ಧಣಿಗಳೇ, ಇನ್ನು ಸ್ವಲ್ಪ ಹಾಕಲಾ? ಹೊತ್ತು ಇದೆ" ಎಂದು ಅವನು ಕೇಳಿದ. ಸಾಕು ಎಂದೆ. ಒಂದು ಜೀವಾಣುವಿನ ಹಿಂಸೆಯೂ ಆಗಬಾರದೆಂದು ಬೆಳಕಿರುವಾಗಲೇ ಉಣ್ಣಲು ಕುಳಿತಿದ್ದ ನಾವು, ಉಣಬಡಿಸುವವನ ಅನ್ನವನ್ನು ಅರ್ಧ ಗಂಟೆಯ ಹಿಂದೆ ಕಿತ್ತುಕೊಂಡಿದ್ದೆವು. ಆ ವಿಚಾರ ಆಗ ನನಗೆ ಹೊಳೆಯಲಿಲ್ಲ ಎಂಬುದೇ ಇಂದಿಗೂ ನಾಚಿಕೆಯ ಸಂಗತಿ.

ಅತಿಚಾರಗಳ ಪಟ್ಟಿಯಲ್ಲಿ ನಮ್ಮ ಠರಾವು

ಅಹಿಂಸೆಯೆಂದರೆ ಕೊಲ್ಲದಿರುವುದು, ಮಾಂಸ ಮುಟ್ಟದಿರುವುದು, ಸೋಸಿದ ನೀರು ಕುಡಿಯುವುದು ಎಂಬಷ್ಟಕ್ಕೆ ನಮ್ಮ ಸಮಾಜ ತೃಪ್ತಿಪಟ್ಟುಕೊಂಡಿದೆ. ಇವೆಲ್ಲ ಅವಶ್ಯವೇ. ಆದರೆ ನಮ್ಮ ಆಚಾರ್ಯರು ಇಷ್ಟಕ್ಕೆ ನಿಲ್ಲಲಿಲ್ಲ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಲಾಗಿದೆ. ಕಟ್ಟಿಹಾಕುವುದು ಬಂಧ, ಹೊಡೆಯುವುದು ವಧ, ಅಂಗಗಳನ್ನು ಕತ್ತರಿಸುವುದು ಛೇದ, ಮಿತಿಮೀರಿ ಹೊರೆ ಹೊರಿಸುವುದು ಅತಿಭಾರಾರೋಪಣ, ಹಸಿವು ಬಾಯಾರಿಕೆಗಳಿಂದ ಬಳಲುವಂತೆ ಮಾಡುವುದು ಅನ್ನಪಾನ ನಿರೋಧ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವೂ ಹೆಸರುಗಳಲ್ಲಿ ಅಲ್ಪ ವ್ಯತ್ಯಾಸದೊಡನೆ ಇದನ್ನೇ ಹೇಳುತ್ತದೆ.

ಈ ಐದರಲ್ಲಿ ಒಂದಾದರೂ ಪ್ರಾಣ ತೆಗೆಯುವ ಮಾತಾಡುವುದಿಲ್ಲ ಎಂಬುದನ್ನು ಓದುಗರು ಗಮನಿಸಬೇಕು. ಕೊಲ್ಲುವುದು ವ್ರತಭಂಗವೇ ಆಯಿತು, ಅದನ್ನು ಹೇಳಬೇಕಾಗಿಲ್ಲ. ತಾನು ಕೊಲ್ಲುವವನಲ್ಲ ಎಂದು ಸಮಾಧಾನದಲ್ಲಿರುವ ಗೃಹಸ್ಥನು ತನ್ನ ಅಧೀನದಲ್ಲಿರುವ ಜೀವಗಳೊಡನೆ ದಿನನಿತ್ಯ ಹೇಗೆ ನಡೆದುಕೊಳ್ಳುತ್ತಾನೆ ಎಂಬುದನ್ನು ಅಳೆಯಲೆಂದೇ ಈ ಐದನ್ನು ಹೇಳಿದುದು. ಕಟ್ಟುವ ಹಗ್ಗ, ಹೊರಿಸುವ ಹೊರೆ, ಇಕ್ಕುವ ಮೇವು ಯಾರ ಕೈಯಲ್ಲಿವೆಯೋ ಅವನಿಗೇ ಈ ಅತಿಚಾರಗಳು ಅನ್ವಯಿಸುತ್ತವೆ. ಎಂದರೆ ಇವು ಒಡೆಯನಾದವನ ಪಾಪಗಳು.

ಈಗ ನಮ್ಮ ಠರಾವನ್ನು ಇದರ ಪಕ್ಕದಲ್ಲಿಟ್ಟು ನೋಡೋಣ. ಇಪ್ಪತ್ತು ವರ್ಷ ಒಂದೇ ಕಡೆ ದುಡಿದವನನ್ನು, ಬೇರೆ ಕೆಲಸ ಕಲಿಯುವ ವಯಸ್ಸು ದಾಟಿದ ಮೇಲೆ, ತಿಂಗಳ ಸೂಚನೆಯನ್ನೂ ಕೊಡದೆ ಹೊರಗಟ್ಟುವುದು ಅನ್ನಪಾನ ನಿರೋಧವಲ್ಲದೆ ಮತ್ತೇನು? ಹನ್ನೊಂದು ಜನ ಮಾಡುತ್ತಿದ್ದ ಕೆಲಸವನ್ನು ಉಳಿದ ಐದು ಜನರ ತಲೆಗೆ ಕಟ್ಟಿ, ಸಂಬಳವನ್ನು ಮೊದಲಿನಷ್ಟೇ ಇಡುವುದು ಅತಿಭಾರಾರೋಪಣವಲ್ಲದೆ ಮತ್ತೇನು? ಬೇರೆಡೆ ಕೆಲಸ ಹುಡುಕಿಕೊಂಡವನಿಗೆ ಅನುಭವ ಪತ್ರವನ್ನೋ ಮೂಲ ಅಂಕಪಟ್ಟಿಯನ್ನೋ ಕೊಡದೆ ಸತಾಯಿಸುವುದು ಹಗ್ಗವಿಲ್ಲದ ಬಂಧವಲ್ಲವೇ?

ಇವೆಲ್ಲ ದನಕರುಗಳನ್ನು ಕುರಿತು ಹೇಳಿದ ಮಾತುಗಳು, ನೌಕರರಿಗೆ ಹೇಗೆ ಅನ್ವಯಿಸುತ್ತವೆ ಎಂದು ಕೆಲವರು ಕೇಳಬಹುದು. ವ್ಯಾಖ್ಯಾನಕಾರರು ಪಶುಗಳ ಉದಾಹರಣೆಯನ್ನು ಕೊಟ್ಟಿರುವುದು ನಿಜ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಅತಿಭಾರವನ್ನು ವಿವರಿಸುವಾಗ, ನ್ಯಾಯವಾದ ಭಾರವನ್ನು ಮೀರಿ ಹೊರಿಸುವುದು ಎಂಬ ಅರ್ಥವನ್ನು ಹೇಳುತ್ತಾರೆ. ಎತ್ತಿನ ಬೆನ್ನಿಗೂ ನ್ಯಾಯವಾದ ಭಾರವೆಂಬುದೊಂದು ಉಂಟು ಎಂದ ಮೇಲೆ, ಪಂಚೇಂದ್ರಿಯಗಳೊಡನೆ ಮನಸ್ಸು, ಮಾತು, ಮಾನ, ಮಕ್ಕಳ ಚಿಂತೆ ಎಲ್ಲವೂ ಇರುವ ಮನುಷ್ಯನಿಗೆ ಅದು ಇಲ್ಲವೆಂದು ವಾದಿಸುವ ಧೈರ್ಯ ಯಾರಿಗಿದೆ?

ಮಿಕ್ಕ ಅಣುವ್ರತಗಳ ಅತಿಚಾರಗಳನ್ನೂ ಒಮ್ಮೆ ನೆನೆಯಬೇಕು. ಸತ್ಯಾಣುವ್ರತಕ್ಕೆ ಕೂಟಲೇಖಕ್ರಿಯೆ ಒಂದು ಅತಿಚಾರ. ಎಂದರೆ ಸುಳ್ಳು ಬರಹ ಸೃಷ್ಟಿಸುವುದು. ಕೆಲಸದಿಂದ ತೆಗೆದವನು ತಾನಾಗಿಯೇ ಸ್ವಂತ ಕಾರಣಗಳಿಗಾಗಿ ಬಿಟ್ಟುಹೋದನೆಂದು ಬೆರಳಚ್ಚಿಸಿದ ಕಾಗದಕ್ಕೆ ಸಹಿ ಹಾಕಿಸುವುದನ್ನು ಯಾವ ಹೆಸರಿನಿಂದ ಕರೆಯೋಣ? ನ್ಯಾಸಾಪಹಾರ ಇನ್ನೊಂದು, ನಂಬಿ ಇಟ್ಟ ಠೇವಣಿಯನ್ನು ನುಂಗುವುದು. ನೌಕರನ ಸಂಬಳದಿಂದ ಹಿಡಿದ ಭವಿಷ್ಯನಿಧಿಯ ಹಣ, ವರ್ಷವರ್ಷವೂ ಅವನ ಸೇವೆಯಿಂದ ಬೆಳೆಯುತ್ತ ಬಂದ ಗ್ರಾಚ್ಯುಯಿಟಿ, ಇವು ಒಡೆಯನ ಸ್ವತ್ತಲ್ಲ, ಒಡೆಯನ ಬಳಿ ಇರುವ ನ್ಯಾಸ. ಅಸ್ತೇಯಕ್ಕೆ ವಿರುದ್ಧರಾಜ್ಯಾತಿಕ್ರಮ ಒಂದು ಅತಿಚಾರ. ರಾಜ್ಯ ಅಸ್ತವ್ಯಸ್ತವಾಗಿರುವ ಕಾಲವನ್ನು ನೋಡಿ ಬೆಲೆಯುಳ್ಳದ್ದನ್ನು ಅಗ್ಗಕ್ಕೆ ಕೊಳ್ಳಲು ಹವಣಿಸುವುದು ಅದರಲ್ಲಿ ಸೇರುತ್ತದೆ. ಜನರಿಗೆ ಕೆಲಸವಿಲ್ಲದ ಕೆಟ್ಟ ಕಾಲ ನೋಡಿ ಅದೇ ದುಡಿಮೆಯನ್ನು ಅರ್ಧ ಕೂಲಿಗೆ ಗುತ್ತಿಗೆ ಹಿಡಿಯುವವನು ತನ್ನ ಜಾಣತನವನ್ನು ಹೊಗಳಿಕೊಳ್ಳುವ ಮುನ್ನ ಈ ಅತಿಚಾರದ ಅರ್ಥವನ್ನು ಯಾರಾದರೂ ಪಂಡಿತರಲ್ಲಿ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು.

ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಸಂಪತ್ತನ್ನು ಮನುಷ್ಯನ ಹೊರಗೆ ಸಂಚರಿಸುವ ಪ್ರಾಣವೆಂದೇ ಪರಿಗಣಿಸಿ, ಅದನ್ನು ಅಪಹರಿಸುವವನು ಪ್ರಾಣವನ್ನೇ ಅಪಹರಿಸುತ್ತಾನೆಂಬ ತೀರ್ಮಾನಕ್ಕೆ ಬರುತ್ತಾರೆ. ಸಂಪತ್ತೆಂದರೆ ನಮಗೆ ತಿಜೋರಿ ನೆನಪಾಗುತ್ತದೆ. ಬಡವನ ಸಂಪತ್ತು ತಿಂಗಳ ಮೊದಲ ವಾರದಲ್ಲಿ ಬರುವ ಸಂಬಳ ಒಂದೇ. ಅವನ ಬಹಿಃಪ್ರಾಣ ಅಷ್ಟರಲ್ಲಿಯೇ ಇದೆ.

ಉದ್ಯೋಗೀ ಹಿಂಸೆಯೋ, ಸಂಕಲ್ಪೀ ಹಿಂಸೆಯೋ?

ಇನ್ನು ಎದುರು ಪಕ್ಷದ ಮಾತುಗಳನ್ನು ಕೇಳೋಣ. ಅನೇಕಾಂತವನ್ನು ಒಪ್ಪಿದವರು ಎದುರಾಳಿಯ ಮಾತಿನಲ್ಲಿರುವ ಸತ್ಯಾಂಶವನ್ನು ತಳ್ಳಿಹಾಕಲಾಗದು.

ಮೊದಲನೆಯ ಮಾತು: ವ್ಯಾಪಾರ ನಷ್ಟದಲ್ಲಿದ್ದರೆ ಏನು ಮಾಡಬೇಕು? ಹತ್ತು ಜನರನ್ನು ಉಳಿಸಲು ಹೋಗಿ ನೂರು ಜನರ ಅನ್ನದ ದಾರಿಯನ್ನೇ ಮುಚ್ಚಬೇಕೇ? ಇದು ನ್ಯಾಯವಾದ ಪ್ರಶ್ನೆ. ಗೃಹಸ್ಥನಿಗೆ ಸಂಪೂರ್ಣ ಅಹಿಂಸೆ ಸಾಧ್ಯವಿಲ್ಲವೆಂದೇ ಶಾಸ್ತ್ರಕಾರರು ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸಿದರು. ಜೀವನೋಪಾಯದಲ್ಲಿ ಅನಿವಾರ್ಯವಾಗಿ ಒದಗುವುದು ಉದ್ಯೋಗೀ ಹಿಂಸೆ. ಅದನ್ನು ಗೃಹಸ್ಥನು ಪೂರ್ಣವಾಗಿ ಬಿಡಲಾರ. ಎಚ್ಚರದಿಂದ ಕಡಿಮೆ ಮಾಡಬೇಕು. ತಿಳಿದು, ಬಯಸಿ, ಯೋಜಿಸಿ ಮಾಡುವುದು ಸಂಕಲ್ಪೀ ಹಿಂಸೆ. ಅದನ್ನು ಶ್ರಾವಕನು ಬಿಡಲೇಬೇಕು.

ಗಿರಣಿಯ ಯಂತ್ರ ಹಳೆಯದಾಗಿ, ಸರಕಿಗೆ ಗಿರಾಕಿ ಇಲ್ಲದೆ, ಸಾಲ ಮೈಮೇಲೆ ಬಂದು, ತನ್ನ ಮನೆಯ ಖರ್ಚನ್ನು ಮೊದಲು ತಗ್ಗಿಸಿ, ಕೊನೆಗೆ ಬೇರೆ ದಾರಿ ಕಾಣದೆ ಕೆಲವರನ್ನು ಕಳುಹಿಸಿಕೊಡುವ ಒಡೆಯನ ಕೃತ್ಯವನ್ನು ಉದ್ಯೋಗೀ ಹಿಂಸೆಯೆನ್ನೋಣ. ಅವನ ಮನಸ್ಸು ನೊಂದಿರುತ್ತದೆ. ಬಾಕಿಯನ್ನು ಪೈಸೆ ಬಿಡದೆ ತೀರಿಸುತ್ತಾನೆ. ಒಳ್ಳೆಯ ದಿನ ಬಂದರೆ ಮತ್ತೆ ಕರೆಯುತ್ತಾನೆ. ಆದರೆ ಲಾಭವಿದ್ದೂ ಇನ್ನಷ್ಟು ಲಾಭಕ್ಕಾಗಿ, ಹಳಬರಿಗೆ ಸಂಬಳ ಹೆಚ್ಚು ಎಂಬ ಒಂದೇ ಕಾರಣಕ್ಕೆ, ಗ್ರಾಚ್ಯುಯಿಟಿಗೆ ಬೇಕಾದ ಐದು ವರ್ಷ ತುಂಬುವ ಮೊದಲೇ ತೆಗೆದುಬಿಡಬೇಕೆಂದು ಲೆಕ್ಕ ಹಾಕಿ, ಪಟ್ಟಿ ಬರೆದು, ಕಾಗದ ಸಿದ್ಧಪಡಿಸಿ ಮಾಡುವುದು ಉದ್ಯೋಗೀ ಹಿಂಸೆಯಲ್ಲ. ಅದರಲ್ಲಿ ಸಂಕಲ್ಪವಿದೆ. ಎರಡಕ್ಕೂ 'ಪುನರ್ರಚನೆ' ಎಂಬ ಒಂದೇ ಹೆಸರಿಟ್ಟ ಮಾತ್ರಕ್ಕೆ ಕರ್ಮಬಂಧ ಒಂದೇ ಆಗುವುದಿಲ್ಲ. ನಮ್ಮ ಸಭೆಯಲ್ಲಿ ಆದದ್ದು ಎರಡನೆಯದೇ. ಅದೇ ವರ್ಷ ನಾವು ಪ್ರವೇಶದ್ವಾರಕ್ಕೆ ಹೊಸ ಕಲ್ಲಿನ ಕೆಲಸ ಮಾಡಿಸಿದ್ದೆವು. ಅದಕ್ಕೆ ಹಣವಿತ್ತು.

ಎರಡನೆಯ ಮಾತು ಇನ್ನೂ ಸೂಕ್ಷ್ಮವಾದುದು: ಅವನಿಗೆ ಲಾಭಾಂತರಾಯ ಕರ್ಮದ ಉದಯ, ನಾವು ಕೇವಲ ನಿಮಿತ್ತ. ಈ ಮಾತನ್ನು ನಾನು ಸ್ವಾಧ್ಯಾಯ ಮಾಡುವವರ ಬಾಯಿಂದಲೇ ಕೇಳಿದ್ದೇನೆ. ಸಿದ್ಧಾಂತವನ್ನು ಅರ್ಧ ಓದಿದುದರ ಫಲ ಇದು. ಅಂತರಾಯ ಕರ್ಮದ ಆಸ್ರವಕ್ಕೆ ಕಾರಣವೇನೆಂದು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದ ಕೊನೆಯಲ್ಲಿ ಸ್ಪಷ್ಟವಾಗಿದೆ: ಪರರಿಗೆ ವಿಘ್ನವನ್ನುಂಟುಮಾಡುವುದು. ಅವನ ಹಳೆಯ ಅಂತರಾಯ ಇಂದು ತೀರುತ್ತಿದೆಯೆಂದು ನಾವು ಸಮಾಧಾನಪಡುವ ಹೊತ್ತಿನಲ್ಲಿ ನಮ್ಮ ಹೊಸ ಅಂತರಾಯದ ಖಾತೆ ತೆರೆಯುತ್ತಿರುತ್ತದೆ. ಕರ್ಮಸಿದ್ಧಾಂತ ನಮ್ಮ ನಮ್ಮ ದುಃಖವನ್ನು ಸಹಿಸಲು ಕೊಟ್ಟ ಬೆಳಕು. ಪರರ ದುಃಖವನ್ನು ಅಲಕ್ಷಿಸಲು ಕೊಟ್ಟ ಪರವಾನಗಿಯಲ್ಲ.

ನಮ್ಮ ಮಕ್ಕಳ ವಿಷಯ ಬಂದಾಗ ನಾವು ಈ ಸಿದ್ಧಾಂತವನ್ನು ಹೇಳುವುದೂ ಇಲ್ಲ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಇರುವ ನಮ್ಮ ಹುಡುಗ ಹುಡುಗಿಯರಿಗೆ ಒಂದು ಬೆಳಗ್ಗೆ ಇ-ಮೇಲ್ ಬಂದು, ಮಧ್ಯಾಹ್ನದೊಳಗೆ ಗುರುತಿನ ಚೀಟಿ ಒಪ್ಪಿಸಬೇಕಾಗಿ ಬಂದಾಗ ಮನೆಮನೆಯಲ್ಲಿ ಎಂಥ ಆಕ್ರೋಶ! ಗೃಹಸಾಲದ ಕಂತು ಹೇಗೆ, ನಿಶ್ಚಯವಾದ ಮದುವೆಯ ಗತಿಯೇನು, ಇಷ್ಟು ವರ್ಷ ದುಡಿಸಿಕೊಂಡು ಒಂದು ಮಾತನ್ನೂ ಆಡದೆ ಕಳುಹಿಸಬಹುದೇ ಎಂದು ಕೇಳಿದೆವು. ಸರಿಯಾಗಿಯೇ ಕೇಳಿದೆವು. ಅದೇ ಪ್ರಶ್ನೆಯನ್ನು ನಮ್ಮ ಅಡುಗೆಮನೆಯವನು, ನಮ್ಮ ಗೋದಾಮಿನ ಹಮಾಲ, ನಮ್ಮ ಶಾಲೆಯ ಶಿಕ್ಷಕಿ ಕೇಳಿದರೆ ಮಾತ್ರ ಕರ್ಮದ ಉದಯ!

ಕಾನೂನು ಎಂಬ ಕನಿಷ್ಠ

ಮೂರನೆಯ ಮಾತು: ಕಾನೂನಿನ ಪ್ರಕಾರ ಮಾಡಿದ್ದೇವೆ, ಇನ್ನೇನು ಬೇಕು? ಕಾನೂನು ಹೇಳುವುದು ಏನೆಂಬುದು ಈ ಮಾತಾಡುವವರಲ್ಲಿ ಎಷ್ಟು ಜನರಿಗೆ ಗೊತ್ತು?

1947ರ ಕೈಗಾರಿಕಾ ವಿವಾದಗಳ ಕಾಯ್ದೆಗೆ 1953ರಲ್ಲಿ ಸೇರಿಸಿದ ಭಾಗದಲ್ಲಿ ಕೆಲಸದಿಂದ ತೆಗೆಯುವ ಕ್ರಮವನ್ನು ಬಿಡಿಸಿ ಹೇಳಲಾಗಿತ್ತು. ಒಂದು ವರ್ಷ ನಿರಂತರ ಸೇವೆ ಮಾಡಿದ ಕಾರ್ಮಿಕನಿಗೆ ಕಾರಣ ತಿಳಿಸಿ ಒಂದು ತಿಂಗಳ ಲಿಖಿತ ಸೂಚನೆ ಕೊಡಬೇಕು, ಇಲ್ಲವೇ ಆ ಅವಧಿಯ ಸಂಬಳ ಕೊಡಬೇಕು. ಸೇವೆಯ ಪ್ರತಿ ವರ್ಷಕ್ಕೆ 15 ದಿನಗಳ ಸರಾಸರಿ ವೇತನದಂತೆ ಪರಿಹಾರ ಕೊಡಬೇಕು. ಸಾಮಾನ್ಯವಾಗಿ ಕೊನೆಗೆ ಸೇರಿದವನು ಮೊದಲು ಹೋಗಬೇಕು. ಮುಂದೆ ಅದೇ ಕೆಲಸಕ್ಕೆ ಜನ ಬೇಕಾದರೆ ತೆಗೆದವರಿಗೆ ಮೊದಲ ಕರೆ ಹೋಗಬೇಕು. ಆ ಕಾಯ್ದೆಯ ಸ್ಥಾನದಲ್ಲಿ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂದಿದೆ. ಒಂದು ತಿಂಗಳ ಸೂಚನೆ, ವರ್ಷಕ್ಕೆ 15 ದಿನಗಳ ಪರಿಹಾರ, ಕೊನೆಗೆ ಬಂದವನು ಮೊದಲು ಎಂಬ ಕ್ರಮ ಅದರಲ್ಲಿಯೂ ಉಳಿದಿವೆ. ಒಂದು ವರ್ಷದೊಳಗೆ ಹೊಸಬರನ್ನು ತೆಗೆದುಕೊಳ್ಳುವುದಾದರೆ ಹಳಬರಿಗೆ ಆದ್ಯತೆಯೂ ಇದೆ. ತೆಗೆದ ಪ್ರತಿಯೊಬ್ಬನ ಹೆಸರಿನಲ್ಲಿ 15 ದಿನಗಳ ವೇತನದಷ್ಟನ್ನು ಒಡೆಯನು ಮರುಕೌಶಲ ನಿಧಿಗೆ ಕಟ್ಟಬೇಕು. ಅದು 45 ದಿನಗಳೊಳಗೆ ಕಾರ್ಮಿಕನ ಖಾತೆಗೆ ಬರಬೇಕು. 2019ರ ವೇತನ ಸಂಹಿತೆಯಂತೆ ಕೆಲಸ ಬಿಟ್ಟವನ ಅಥವಾ ಬಿಡಿಸಲ್ಪಟ್ಟವನ ವೇತನ ಬಾಕಿ ಎರಡು ಕೆಲಸದ ದಿನಗಳಲ್ಲಿ ತೀರಬೇಕು. ಇನ್ನೊಂದೆಡೆ, ಸರ್ಕಾರದ ಪೂರ್ವಾನುಮತಿ ಇಲ್ಲದೆ ಕಾರ್ಖಾನೆಗಳಲ್ಲಿ ಕಾರ್ಮಿಕರನ್ನು ತೆಗೆಯಬಾರದೆಂಬ ನಿರ್ಬಂಧ ಹಿಂದೆ 100 ಜನರಿರುವಲ್ಲಿಯೇ ಇದ್ದುದು ಈಗ 300 ಜನರಿರುವಲ್ಲಿಗೆ ಏರಿದೆ. ನಮ್ಮ ಮನೆತನಗಳ ಉದ್ಯಮಗಳಲ್ಲಿ ಬಹುಪಾಲು ಈ ಸಂಖ್ಯೆಗಿಂತ ಕೆಳಗಿನವು.

ಧರ್ಮಸಂಸ್ಥೆಗಳ ಸ್ಥಿತಿ ಇನ್ನೂ ವಿಚಿತ್ರ. 1978ರಲ್ಲಿ ಬೆಂಗಳೂರು ನೀರು ಸರಬರಾಜು ಮಂಡಳಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 'ಉದ್ಯಮ' ಎಂಬ ಪದಕ್ಕೆ ವಿಶಾಲವಾದ ಅರ್ಥ ಕೊಟ್ಟು, ದತ್ತಿಸಂಸ್ಥೆಗಳಲ್ಲಿ ಕೂಲಿಗೆ ದುಡಿಯುವವರೂ ರಕ್ಷಣೆಯ ಒಳಗೆ ಬರುವಂತೆ ಮಾಡಿತ್ತು. ಹೊಸ ಸಂಹಿತೆಯ ವ್ಯಾಖ್ಯೆ ಸಂಪೂರ್ಣವಾಗಿ ಅಥವಾ ಬಹುಮಟ್ಟಿಗೆ ದಾನಧರ್ಮದ ಸೇವೆಯಲ್ಲಿ ತೊಡಗಿರುವ ಸಂಸ್ಥೆಗಳನ್ನು ಉದ್ಯಮದ ಹೊರಗಿಟ್ಟಿದೆ. ಇದನ್ನು ಕೇಳಿ ಕೆಲವು ಆಡಳಿತಗಾರರು ನಿಟ್ಟುಸಿರು ಬಿಟ್ಟಿದ್ದಾರೆ. ನನಗೆ ಭಯವಾಗಿದೆ. ಕಾನೂನಿನ ಕಾವಲು ಹಿಂದೆ ಸರಿದ ಕಡೆ ನಮ್ಮ ಅಡುಗೆಯವನಿಗೂ ನಮ್ಮ ಠರಾವಿಗೂ ನಡುವೆ ಉಳಿದಿರುವ ಒಂದೇ ತಡೆ ನಮ್ಮ ಧರ್ಮಬುದ್ಧಿ. ಸರ್ಕಾರ ಕೇಳುವುದಿಲ್ಲವೆಂದು ಗೊತ್ತಾದಾಗ ನಾವು ಹೇಗೆ ನಡೆಯುತ್ತೇವೆಂಬುದರಲ್ಲಿಯೇ ವ್ರತದ ಪರೀಕ್ಷೆ ಇದೆ. ಅದೂ ಅಲ್ಲದೆ, ಗ್ರಾಚ್ಯುಯಿಟಿಯ ಋಣ ಇದರಿಂದ ಹೋಗಲಿಲ್ಲ. ಶಿಕ್ಷಕರಿಗೂ ಅದು ಸಲ್ಲಬೇಕೆಂದು 2009ರ ತಿದ್ದುಪಡಿ 1997ರಿಂದಲೇ ಪೂರ್ವಾನ್ವಯವಾಗಿ ಹೇಳಿತ್ತು. ಶಾಲೆ ನಡೆಸುವ ಟ್ರಸ್ಟುಗಳಿಗೆ ಇದು ತಿಳಿಯದ ವಿಷಯವಲ್ಲ.

ಇಪ್ಪತ್ತೆರಡು ವರ್ಷದ ಸೇವೆಗೆ ವರ್ಷಕ್ಕೆ 15 ದಿನದಂತೆ ಪರಿಹಾರ ಲೆಕ್ಕ ಹಾಕಿದರೆ 330 ದಿನ, ಎಂದರೆ ಹನ್ನೊಂದು ತಿಂಗಳ ಸಂಬಳ. ತಿಂಗಳಿಗೆ 26 ದಿನವೆಂದು ಹಿಡಿಯುವ ಗ್ರಾಚ್ಯುಯಿಟಿಯ ಲೆಕ್ಕದಲ್ಲಿ ಇನ್ನೂ ಹನ್ನೆರಡೂವರೆ ತಿಂಗಳಿಗಿಂತ ತುಸು ಹೆಚ್ಚು. ಎರಡೂ ಸೇರಿದರೆ ಒಂದು ಜೀವ ಸುಮಾರು ಎರಡು ವರ್ಷ ಉಸಿರಾಡಬಹುದು. ಮಗಳ ಓದು ಮುಗಿಯಬಹುದು. ನಾವು ರಾಜೀನಾಮೆ ಬರೆಸಿಕೊಂಡುದು ಮೊದಲನೆಯದನ್ನು ಉಳಿಸಲು. ಎರಡನೆಯದನ್ನು 'ಮುಂದೆ ನೋಡೋಣ' ಎಂದೆವು.

ಅಹಮದಾಬಾದಿನ ಅಕ್ಕ ತಮ್ಮ

ನಮ್ಮ ಸಮಾಜದಲ್ಲಿ ಇದಕ್ಕೆ ಬೇರೆ ದಾರಿ ತೋರಿಸಿದವರು ಇರಲಿಲ್ಲವೇ? ಇದ್ದರು. 1917ರ ಪ್ಲೇಗಿನ ಕಾಲದಲ್ಲಿ ಅಹಮದಾಬಾದಿನ ಗಿರಣಿ ಮಾಲೀಕರು ಕೆಲಸಗಾರರು ಊರು ಬಿಟ್ಟು ಓಡದಂತೆ ದೊಡ್ಡ ಮೊತ್ತದ ಪ್ಲೇಗು ಭತ್ಯೆ ಕೊಟ್ಟರು. ರೋಗ ತಗ್ಗಿದ ಮೇಲೆ 1918ರ ಆರಂಭದಲ್ಲಿ ಅದನ್ನು ನಿಲ್ಲಿಸಲು ಹೊರಟರು. ಬೆಲೆಗಳು ಮಾತ್ರ ಇಳಿದಿರಲಿಲ್ಲ. ಮಾಲೀಕರ ಮುಂದಾಳು ಅಂಬಾಲಾಲ್ ಸಾರಾಭಾಯಿ, ಶ್ರೀಮಂತ ಜೈನ ಮನೆತನದವರು. ಕಾರ್ಮಿಕರ ಪರವಾಗಿ ನಿಂತವರು ಅವರ ಸ್ವಂತ ಅಕ್ಕ ಅನಸೂಯಾ ಸಾರಾಭಾಯಿ. ಗಾಂಧೀಜಿಯವರು ಕಾರ್ಮಿಕರ ಬೇಡಿಕೆಯನ್ನು ಶೇಕಡ 50ರಿಂದ 35ಕ್ಕೆ ಇಳಿಸಿದರು. ಮಾಲೀಕರು 20ಕ್ಕಿಂತ ಮೇಲೇರಲು ಒಪ್ಪಲಿಲ್ಲ. ಫೆಬ್ರವರಿ 22ರಂದು ಗಿರಣಿಗಳ ಬಾಗಿಲು ಹಾಕಲಾಯಿತು. ಮಾರ್ಚ್ 15ರಂದು ಗಾಂಧೀಜಿ ಉಪವಾಸ ತೊಡಗಿದರು. ಮೂರನೆಯ ದಿನ ಮುಗಿದು 18ರಂದು ರಾಜಿಯಾಯಿತು. ಮಧ್ಯಸ್ಥರಾದ ಆನಂದಶಂಕರ ಧ್ರುವರು ಮುಂದೆ ಶೇಕಡ 35ನ್ನೇ ತೀರ್ಪಾಗಿ ಕೊಟ್ಟರು. 1920ರಲ್ಲಿ ಅಲ್ಲಿ ಮಜೂರ್ ಮಹಾಜನ ಸಂಘ ಹುಟ್ಟಿತು. ಅದರ ಮಹಿಳಾ ಶಾಖೆಯಿಂದಲೇ 1972ರಲ್ಲಿ ಇಳಾ ಭಟ್ಟರ 'ಸೇವಾ' ಸಂಸ್ಥೆ ಬೆಳೆಯಿತು.

ಈ ಘಟನೆಯಲ್ಲಿ ನನಗೆ ಬಹಳ ದೊಡ್ಡದಾಗಿ ಕಾಣುವುದು ಶೇಕಡ ಎಷ್ಟು ಎಂಬುದಲ್ಲ. ವಿವಾದ ಮಧ್ಯಸ್ಥರ ಮುಂದೆ ಹೋಯಿತು. ಎರಡೂ ಪಕ್ಷಗಳ ಮಾತನ್ನು ಹೊರಗಿನವರೊಬ್ಬರು ಕೇಳಿದರು. ಒಡೆಯನ ಮನೆಯಲ್ಲಿಯೇ ದುಡಿಯುವವನ ಪರ ಮಾತಾಡುವವರು ಒಬ್ಬರಿದ್ದರು. ನಮ್ಮ ಹನ್ನೊಂದು ಜನರ ಪರವಾಗಿ ಮಾತಾಡುವ ಒಬ್ಬ ಅನಸೂಯಾಬೆನ್ ನಮ್ಮ ಸಭೆಯಲ್ಲಿ ಇರಲಿಲ್ಲ. ಅದೇ ಅಹಮದಾಬಾದಿನಲ್ಲಿ 1980 ಮತ್ತು 1990ರ ದಶಕಗಳಲ್ಲಿ ಗಿರಣಿಗಳು ಒಂದರ ಹಿಂದೊಂದು ಮುಚ್ಚಿ ಸಹಸ್ರ ಸಹಸ್ರ ಕುಟುಂಬಗಳು ಬೀದಿಗೆ ಬಿದ್ದವು ಎಂಬುದನ್ನೂ ಮರೆಯಬಾರದು. ಒಂದು ತಲೆಮಾರು ಕಟ್ಟಿದ ಒಳ್ಳೆಯ ಪದ್ಧತಿ ಮುಂದಿನವರು ಕಾಯದಿದ್ದರೆ ತಾನಾಗಿ ಉಳಿಯುವುದಿಲ್ಲ.

ದಾನ ಯಾವ ಹಣದ್ದು?

ಇನ್ನು ದಾನದ ವಿಷಯ. ಗೃಹಸ್ಥನ ಗುಣಗಳನ್ನು ಎಣಿಸುವಾಗ ಆಶಾಧರರು ಸಾಗಾರಧರ್ಮಾಮೃತದಲ್ಲಿ ನ್ಯಾಯದಿಂದ ಗಳಿಸಿದ ಧನವನ್ನು ಮೊದಲಿಗಿಟ್ಟರು. ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿ ಹೇಳಿದ ಮೂವತ್ತೈದು ಗುಣಗಳಲ್ಲಿಯೂ ನ್ಯಾಯಸಂಪನ್ನ ವಿಭವವೇ ಮೊದಲನೆಯದು. ತನ್ನನ್ನು ನಂಬಿದವರನ್ನು ಪೋಷಿಸುವುದೂ ಅವುಗಳಲ್ಲಿ ಒಂದು. ದಿಗಂಬರ ಶ್ವೇತಾಂಬರ ಭೇದವಿಲ್ಲದೆ ಎರಡೂ ಪರಂಪರೆಗಳು ಒಂದೇ ಮಾತನ್ನು ಮೊದಲು ಹೇಳಿವೆ. ದಾನದ ಮಾತು ಆಮೇಲಿನದು.

ನೌಕರನ ಬಾಕಿಯನ್ನು ಉಳಿಸಿದ ಹಣದಲ್ಲಿ ಪ್ರಥಮ ಕಲಶ ಹಿಡಿದರೆ ಪುಣ್ಯ ಬರುತ್ತದೆಯೇ? ಶ್ರವಣಬೆಳಗೊಳಕ್ಕೆ ಹೋದವರೆಲ್ಲರೂ ಬಾಹುಬಲಿಯ ಎದುರು ನಿಂತ ಗುಳ್ಳಕಾಯಜ್ಜಿಯನ್ನು ಕಂಡಿದ್ದಾರೆ. ಚಾವುಂಡರಾಯನ ಕೊಡಕೊಡದ ಹಾಲು ಮೂರ್ತಿಯ ಪಾದ ಮುಟ್ಟಲಿಲ್ಲ, ಅಜ್ಜಿಯ ಗುಳ್ಳದ ಹಾಲು ಮುಟ್ಟಿತು ಎಂಬ ಐತಿಹ್ಯವನ್ನು ಮಕ್ಕಳಿಗೆ ಹೇಳುತ್ತೇವೆ. ಚಾವುಂಡರಾಯನ ಹಣ ಅನ್ಯಾಯದ್ದೆಂದು ಆ ಕಥೆ ಹೇಳುವುದಿಲ್ಲ. ಅವನ ಮನಸ್ಸಿನ ಅಹಂಕಾರ ಒಂದೇ ಹಾಲನ್ನು ತಡೆಯಿತು. ಅಷ್ಟಕ್ಕೇ ಹಾಲು ನಿಂತಿತಾದರೆ, ದುಡಿದವನ ನ್ಯಾಸವನ್ನು ನುಂಗಿ ತಂದ ಹಾಲು ಎಲ್ಲಿಯವರೆಗೆ ಇಳಿದೀತು?

ಜೀವದಯೆಯಲ್ಲಿ ನಮಗೆ ಹೆಸರಿದೆ. ಹಾಲು ಬತ್ತಿದ ಹಸುವನ್ನು, ಕಾಲು ಮುರಿದ ಎತ್ತನ್ನು ಪಾಂಜರಾಪೋಳದಲ್ಲಿ ಸಾಯುವವರೆಗೆ ಸಾಕುತ್ತೇವೆ. 'ಇದರಿಂದ ಏನು ಉತ್ಪತ್ತಿ?' ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಕೇಳಿದವನನ್ನು ನಿರ್ದಯನೆಂದು ಜರೆಯುತ್ತೇವೆ. ಅದೇ ಕೈಗಳು ಐವತ್ತನಾಲ್ಕು ವರ್ಷದ ಗುಮಾಸ್ತನ ಹೆಸರಿನ ಮುಂದೆ 'ಉತ್ಪಾದಕತೆ ಕಡಿಮೆ' ಎಂದು ಬರೆಯುತ್ತವೆ. ಹಸುವಿಗೆ ಸಿಗುವಷ್ಟು ದಯೆ ಅವನಿಗೂ ಸಿಗಲಿ ಎಂದು ಕೇಳಬೇಕಾಗಿ ಬಂದಿರುವುದೇ ದುರ್ದೈವ. ಅವನು ಕೇಳುತ್ತಿರುವುದು ದಯೆಯನ್ನೂ ಅಲ್ಲ, ತನ್ನದನ್ನು.

ಮಾಡತಕ್ಕ ಕೆಲಸ

ಬರಿಯ ಆಕ್ಷೇಪದಿಂದ ಪ್ರಯೋಜನವಿಲ್ಲ. ಶ್ರಾವಕ ಮನೆತನಗಳೂ ಬಸದಿ ಮತ್ತು ಟ್ರಸ್ಟುಗಳ ಆಡಳಿತ ಮಂಡಳಿಗಳೂ ಈ ಕೆಲವು ನಿಯಮಗಳನ್ನು ಪರಿಗ್ರಹ ಪರಿಮಾಣದಂತೆಯೇ ಬರೆದಿಟ್ಟು ಪಾಲಿಸಬೇಕೆಂದು ವಿನಂತಿಸುತ್ತೇನೆ.

ಒಂದು, ಖರ್ಚು ಕಡಿಮೆ ಮಾಡುವುದಾದರೆ ಕಡಿತ ಮೇಲಿನಿಂದ ಆರಂಭವಾಗಲಿ. ಒಡೆಯನ ಪಾಲು, ಸಮಾರಂಭಗಳ ವೆಚ್ಚ, ಕಟ್ಟಡದ ಅಲಂಕಾರ ಮೊದಲು. ಅನ್ನದ ತುತ್ತು ಕೊನೆಗೆ.

ಎರಡು, ಯಾರ ಬದುಕಿನ ಬಗ್ಗೆ ಠರಾವು ಆಗುವುದೋ ಅವರಿಗೆ ಮೊದಲೇ ತಿಳಿಸಿ, ಲೆಕ್ಕ ತೋರಿಸಿ, ಅವರ ಮಾತನ್ನು ಕೇಳಬೇಕು. ಸಂಬಳವನ್ನು ಎಲ್ಲರೂ ಸ್ವಲ್ಪ ಬಿಟ್ಟುಕೊಟ್ಟು ಎಲ್ಲರೂ ಉಳಿಯುವ ದಾರಿಯನ್ನು ಅವರೇ ತೋರಿಸಬಹುದು.

ಮೂರು, ಬಿಡಿಸಲೇಬೇಕಾದರೆ ಕ್ರಮ ಇರಲಿ. ಹಳಬರನ್ನು ಹುಡುಕಿ ತೆಗೆಯಬಾರದು. ಟ್ರಸ್ಟಿಗಳ ಬಂಧುಗಳಿಗೆ ಒಂದು ನ್ಯಾಯ, ಉಳಿದವರಿಗೆ ಒಂದು ನ್ಯಾಯ ಇರಕೂಡದು.

ನಾಲ್ಕು, ರಾಜೀನಾಮೆ ಬರೆಸಿಕೊಳ್ಳುವುದನ್ನು ಕೂಟಲೇಖಕ್ರಿಯೆಯೆಂದು ತಿಳಿದು ಬಿಡಬೇಕು. ತೆಗೆದುದನ್ನು ತೆಗೆದುದೆಂದೇ ಬರೆಯಬೇಕು.

ಐದು, ಬಾಕಿ, ಪರಿಹಾರ, ಗ್ರಾಚ್ಯುಯಿಟಿ ಕೈಸೇರಿದ ಮೇಲೆಯೇ ನೌಕರ ಹೊಸ್ತಿಲು ದಾಟಬೇಕು. ಕಾನೂನು ಅನ್ವಯಿಸದ ಸಂಸ್ಥೆಯೂ ಕಾನೂನಿನ ಕನಿಷ್ಠವನ್ನಾದರೂ ಸ್ವಇಚ್ಛೆಯಿಂದ ಕೊಡಬೇಕು.

ಆರು, ಉಳಿದವರ ಮೇಲೆ ಬಿದ್ದ ಹೊರೆಯನ್ನು ಆರು ತಿಂಗಳಿಗೊಮ್ಮೆ ತೂಗಿ ನೋಡಬೇಕು. ಹೊಸ ಕೆಲಸ ಹುಟ್ಟಿದಾಗ ಹೋದವರ ಮನೆಗೆ ಮೊದಲ ಪತ್ರ ಹೋಗಬೇಕು.

ಏಳು, ಟ್ರಸ್ಟುಗಳು ದೊಡ್ಡ ದಾನ ಸ್ವೀಕರಿಸುವ ಮುನ್ನ, ತಮ್ಮ ನೌಕರರ ಬಾಕಿ ಉಳಿದಿಲ್ಲವಷ್ಟೆ ಎಂದು ದಾನಿಗಳನ್ನು ವಿನಯದಿಂದ ಕೇಳಬೇಕು. ಕೇಳಿದರೆ ಕೆಲವು ದಾನಗಳು ಬಾರದೆ ಹೋಗಬಹುದು. ಹೋಗಲಿ. ಬಸದಿಗೆ ಸುಣ್ಣ ಒಂದು ವರ್ಷ ತಡವಾಗಿ ಬಳಿದರೆ ಜಿನಬಿಂಬಕ್ಕೆ ಕೊರತೆಯಿಲ್ಲ.

ದಶಲಕ್ಷಣ ಪರ್ವ ಮುಗಿದ ಮೇಲೆ ಕ್ಷಮಾವಾಣಿಯ ದಿನ ನಾವು ಸಕಲ ಜೀವಗಳ ಕ್ಷಮೆ ಕೇಳುತ್ತೇವೆ. ಬಂಧುಗಳಿಗೆ, ಮಿತ್ರರಿಗೆ, ಬೀಗರಿಗೆ ಫೋನಿನಲ್ಲಿ ಸಂದೇಶ ಕಳುಹಿಸುತ್ತೇವೆ. ಕಳೆದ ಸಲ ನನ್ನ ಪಟ್ಟಿಯಲ್ಲಿ ಆ ಹನ್ನೊಂದು ಹೆಸರುಗಳು ಇರಲಿಲ್ಲ. ಯಾರ ಹತ್ತಿರ ನಿಜವಾಗಿ ಕೇಳಬೇಕಾಗಿತ್ತೋ ಅವರನ್ನು ಬಿಟ್ಟು, ಕೇಳಬೇಕಾದ ಕಾರಣವೇ ಇಲ್ಲದವರ ಹತ್ತಿರ ಕೇಳಿದ್ದೆ.

ಆ ಅಡುಗೆಯವನ ಮನೆಗೆ ಆಮೇಲೆ ಹೋಗಿದ್ದೆ. ಪೇಟೆಯ ಒಂದು ಖಾನಾವಳಿಯಲ್ಲಿ ದಿನಗೂಲಿಗೆ ಪಾತ್ರೆ ತೊಳೆಯಲು ಹೋಗುತ್ತಿದ್ದಾನೆ. ನನ್ನನ್ನು ಕಂಡು ಎದ್ದು ನಿಂತ, ಕುಳಿತುಕೊಳ್ಳಲು ಚಾಪೆ ಹಾಸಿದ. ಬಾಕಿಯ ವಿಷಯ ಅವನು ಎತ್ತಲಿಲ್ಲ, ನಾನೇ ಎತ್ತಿದೆ. "ನೀವು ಒಬ್ಬರು ಬಂದು ಕೇಳಿದಿರಿ, ಧಣಿಗಳೇ, ಅಷ್ಟು ಸಾಕು" ಎಂದ. ಸಾಕಾಗುವುದಿಲ್ಲ. ಮಾತಿನ ಕ್ಷಮೆಯಿಂದ ಹನ್ನೊಂದು ಮನೆಗಳ ಬಾಕಿ ತೀರುವುದಿಲ್ಲ. ಆಡಳಿತ ಮಂಡಳಿಯ ಮುಂದಿನ ಸಭೆಯಲ್ಲಿ ಆ ಠರಾವನ್ನು ಪುನರ್ವಿಚಾರಕ್ಕೆ ತರಬೇಕೆಂದು ಲಿಖಿತ ಸೂಚನೆ ಕೊಟ್ಟಿದ್ದೇನೆ. ಅನುಮೋದಕರು ಇನ್ನೂ ಒಬ್ಬರೂ ಸಿಕ್ಕಿಲ್ಲ. ಈ ಲೇಖನವನ್ನು ಓದುವ ಧರ್ಮಬಂಧುಗಳಲ್ಲಿ ಎಷ್ಟೋ ಜನ ಇಂಥದೇ ಸಭೆಗಳಲ್ಲಿ ಕುಳಿತುಕೊಳ್ಳುವವರು. ಅಲ್ಲಿ ಪಟ್ಟಿ ನಿಮ್ಮ ಮುಂದೆ ಬಂದಾಗ ಕೈ ಎತ್ತುವ ಮುನ್ನ ಹೆಸರುಗಳನ್ನು ಒಂದೊಂದಾಗಿ ಓದಿರಿ ಎಂಬುದಷ್ಟೇ ನನ್ನ ಪ್ರಾರ್ಥನೆ.